ಟ್ರಿನಿಡಾಡ್‌ನಲ್ಲಿ ಕೆಂಪು ಐಬಿಸ್, ಕಡಲಾಮೆ ಎರಡನ್ನೂ ನೋಡಲು ಯಾವ ತಿಂಗಳು ಸರಿ?

ಪ್ರಶ್ನೆ: ಮಗಳು, ಅಳಿಯ ಟ್ರಿನಿಡಾಡ್‌ನಲ್ಲಿದ್ದಾರೆ. ಒಂದು ವಾರದ ಮಟ್ಟಿಗಾದರೂ ಬನ್ನಿ ಎಂದು ಕರೆಯುತ್ತಿದ್ದಾರೆ. ಅಲ್ಲಿನ ಕೆಂಪು ಹಕ್ಕಿ, ದೊಡ್ಡ ಕಡಲಾಮೆ ಎರಡನ್ನೂ ನೋಡುವ ಆಸೆ ನಮಗೆ. ಯಾವಾಗ ಹೋಗಬೇಕು?

ಉತ್ತರ: ಮೇ ತಿಂಗಳಲ್ಲಿ ಹೋಗಿ. ಹಕ್ಕಿ ವರ್ಷಪೂರ್ತಿ ಸಿಗುತ್ತದೆ, ಅದರ ಚಿಂತೆ ಬೇಡ. ದಿನಾಂಕ ಗೊತ್ತು ಮಾಡುವುದು ಆಮೆ. ಅವು ಮಾರ್ಚ್‌ನಿಂದ ಆಗಸ್ಟ್‌ವರೆಗೆ ದಡಕ್ಕೆ ಬರುತ್ತವೆ, ಏಪ್ರಿಲ್‌ನಿಂದ ಜೂನ್‌ವರೆಗೆ ಜಾಸ್ತಿ. ಮಾರ್ಚ್‌ನಲ್ಲಿ ಇಟ್ಟ ಮೊಟ್ಟೆ ಸುಮಾರು 60 ದಿನಕ್ಕೆ ಒಡೆಯುತ್ತದೆ. ಹಾಗಾಗಿ ಮೇ ಕೊನೆಗೆ ತಾಯಿಯ ಜೊತೆ ಮರಿಗಳೂ ಕಾಣಸಿಗಬಹುದು. ಜೂನ್ ಬಂತೆಂದರೆ ಅಲ್ಲೂ ಮಳೆಗಾಲ ಶುರು.

ಹತ್ತಿರದ್ದು ಹಕ್ಕಿ, ಅದನ್ನೇ ಮೊದಲು ಮುಗಿಸಿಕೊಳ್ಳಿ. ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ದಕ್ಷಿಣಕ್ಕೆ ಕರೋನಿ ಎಂಬ ಜೌಗು ಇದೆ. ಪೂರ್ತಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಕುಂದಾಪುರ, ಹೊನ್ನಾವರದ ಕಡೆಯವರಿಗೆ ಆ ಬೇರುಗಳನ್ನು ವಿವರಿಸಿ ಹೇಳಬೇಕಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ದೋಣಿ ಹೊರಡುತ್ತದೆ. ದಾರಿಯಲ್ಲಿ ಅಂಬಿಗ ಎಂಜಿನ್ ನಿಲ್ಲಿಸಿ ಮೇಲೆ ಬೆರಳು ತೋರಿಸಿದರೆ ಕೊಂಬೆ ನೋಡಿ. ಅಲ್ಲಿ ಸುತ್ತಿಟ್ಟ ಹಗ್ಗದ ಹಾಗೆ ಮಲಗಿರುವುದು ಹಾವು! ಗಾಬರಿ ಬೇಡ, ಅದಕ್ಕೆ ವಿಷವಿಲ್ಲ.

ಒಳಗೆ ನೀರು ಅಗಲವಾಗುವ ಕಡೆ ದೋಣಿಯನ್ನು ಬೇರಿಗೆ ಕಟ್ಟಿ ಕಾಯುತ್ತಾರೆ. ಎದುರಿಗೊಂದು ಹಸಿರು ನಡುಗಡ್ಡೆ. ಮೊದಲು ಎರಡೋ ಮೂರೋ ಬರುತ್ತವೆ. ಆಮೇಲೆ ಹತ್ತು, ಇಪ್ಪತ್ತು. ಬಿಸಿಲು ಇಳಿಯುವ ಹೊತ್ತಿಗೆ ಸಾಲು ಸಾಲಾಗಿ ಬಂದು ಕೂರುತ್ತವೆ. ಹಸಿರು ಮರ ಮೇ ತಿಂಗಳ ಗುಲ್‌ಮೊಹರ್ ಆಗಿಬಿಡುತ್ತದೆ. ಮಧ್ಯೆ ಮಧ್ಯೆ ಬೆಳ್ಳಕ್ಕಿಗಳೂ ಬಂದು ಸೇರುವುದರಿಂದ ಆ ಕೆಂಪು ಇನ್ನೂ ಎದ್ದು ಕಾಣುತ್ತದೆ.

ಆ ಬಣ್ಣ ಹುಟ್ಟಿನಿಂದ ಬಂದದ್ದಲ್ಲ. ಮರಿ ಬೂದುಗಪ್ಪು. ಕುಡುಗೋಲಿನಂಥ ಕೊಕ್ಕಿನಿಂದ ಕೆಸರು ಕೆದಕಿ ಏಡಿ, ಸಿಗಡಿ ತಿಂದು ತಿಂದು, ಅವುಗಳಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ಬಣ್ಣದ ಅಂಶ ಗರಿಗೆ ಇಳಿದು ಕೆಂಪಾಗುತ್ತದೆ. ಇದು ಟ್ರಿನಿಡಾಡ್‌ನ ರಾಷ್ಟ್ರೀಯ ಪಕ್ಷಿ. ಆದರೂ ಕದ್ದು ಬೇಟೆಯಾಡಿ ಸಾರು ಮಾಡಿ ತಿನ್ನುವವರಿದ್ದರು. 2018ರಲ್ಲಿ ಕಾನೂನು ಬಿಗಿ ಮಾಡಿದರು. ಈಗ ಸಿಕ್ಕಿಬಿದ್ದರೆ ಅಲ್ಲಿನ 1 ಲಕ್ಷ ಡಾಲರ್ ದಂಡ, 2 ವರ್ಷ ಜೈಲು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದೋಣಿ ದೂರದಲ್ಲೇ ನಿಲ್ಲುತ್ತದೆ, ಹತ್ತಿರ ಹೋದರೆ ಹಕ್ಕಿ ಜಾಗ ಬಿಟ್ಟು ಹೋಗುತ್ತವೆ. ರಂಗನತಿಟ್ಟಿನಲ್ಲಿ ಗೂಡಿನ ಬುಡಕ್ಕೇ ದೋಣಿ ಹೋಗುತ್ತದಲ್ಲ, ಹಾಗೆ ಅಂದುಕೊಂಡು ಹೋದರೆ ನಿರಾಸೆ ಆಗುತ್ತದೆ. ಮೊಬೈಲಿನಲ್ಲಿ ತೆಗೆದರೆ ಯಾರೋ ಮರಕ್ಕೆ ಕುಂಕುಮ ಚಿಮುಕಿಸಿದ ಹಾಗೆ ಬರುತ್ತದೆ, ಅಷ್ಟೇ. ಅಳಿಯನಿಗೆ ಹೇಳಿ ಒಂದು ಬೈನಾಕ್ಯುಲರ್ ತರಿಸಿಟ್ಟುಕೊಳ್ಳಿ. ಸೊಳ್ಳೆಗೆ ಹಚ್ಚಿಕೊಳ್ಳುವುದನ್ನೂ ಮರೆಯಬೇಡಿ.

ಇನ್ನು ಆಮೆ. ನಿಜ ಹೇಳಬೇಕೆಂದರೆ ಅಷ್ಟು ದೂರ ಹೋಗುವುದೇ ಇದಕ್ಕೆ. ಲೆದರ್‌ಬ್ಯಾಕ್ ಎನ್ನುವ ಈ ಆಮೆ ಜಗತ್ತಿನಲ್ಲೇ ದೊಡ್ಡದು. ನಮ್ಮ ಹೊನ್ನಾವರದ ಕಾಸರಕೋಡಿನ ತೀರಕ್ಕೆ ಚಳಿಗಾಲದಲ್ಲಿ ಬರುವ ಆಲಿವ್ ರಿಡ್ಲೆ ಸುಮಾರು 40 ಕೆ.ಜಿ. ತೂಗಿದರೆ, ಇದು 300ರಿಂದ 500 ಕೆ.ಜಿ. ಬೆನ್ನ ಮೇಲೆ ಗಟ್ಟಿ ಚಿಪ್ಪಿಲ್ಲ, ಏಳು ಏಣುಗಳಿರುವ ಚರ್ಮದ ಹೊದಿಕೆ. ಲೋಳೆಮೀನು ಹುಡುಕಿಕೊಂಡು ಕೆನಡಾದ ತಣ್ಣೀರಿನವರೆಗೂ ಈಜಿ ಹೋಗುತ್ತದೆ, ಮೊಟ್ಟೆಗೆ ಮಾತ್ರ ಇಲ್ಲಿಗೆ ಬರುತ್ತದೆ.

ನೋಡಲು ಮುಖ್ಯವಾಗಿ ಎರಡು ತೀರ. ಪೂರ್ವದ ಮಟೂರ, ಉತ್ತರದ ಗ್ರಾಂಡ್ ರಿವಿಯೇರ್. ಮಟೂರ ರಾಜಧಾನಿಗೆ ಹತ್ತಿರ, ರಾತ್ರಿ ಹೋಗಿ ವಾಪಸ್ ಬರಬಹುದು. ಆದರೆ ನಾನಾಗಿದ್ದರೆ ಗ್ರಾಂಡ್ ರಿವಿಯೇರ್‌ನಲ್ಲೇ ಒಂದು ರಾತ್ರಿ ಉಳಿಯುತ್ತೇನೆ. ದಾರಿ ತಿರುವು ತಿರುವು, ಮೂರು ಗಂಟೆಯ ಹತ್ತಿರ ಹಿಡಿಯುತ್ತದೆ. ಆದರೆ ವಸತಿಗೃಹಗಳು ಮರಳಿನ ಅಂಚಿನಲ್ಲೇ ಇವೆ. ತೀರ ಒಂದು ಕಿಲೋಮೀಟರೂ ಇಲ್ಲ. ಜೋರು ಕಾಲದಲ್ಲಿ ಒಂದೇ ರಾತ್ರಿ ನೂರಾರು ಆಮೆ ಬರುತ್ತವೆ. ಜಾಗ ಸಾಲದೆ ಒಂದು ಇಟ್ಟ ಮೊಟ್ಟೆಯನ್ನು ಇನ್ನೊಂದು ಅಗೆದು ಹಾಕುವುದೂ ಉಂಟು. ಬೆಳಗ್ಗೆ ಎದ್ದರೆ ತಡವಾಗಿ ಬಂದ ಒಂದೆರಡು ಆಮೆ ಇನ್ನೂ ಮರಳಿನಲ್ಲೇ ಇರುತ್ತವೆ.

ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಈ ತೀರಗಳಿಗೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ಊರಿನ ಮಾರ್ಗದರ್ಶಕರೇ ಜೊತೆಗೆ ಬರುತ್ತಾರೆ. ಮಟೂರದಲ್ಲಿ 1990ರಿಂದ ನೇಚರ್ ಸೀಕರ್ಸ್ ಎಂಬ ಊರವರ ಸಂಘ ಈ ಕೆಲಸ ಮಾಡುತ್ತಿದೆ. ಟಾರ್ಚ್, ಫ್ಲ್ಯಾಶ್ ನಡೆಯುವುದಿಲ್ಲ. ಮಾರ್ಗದರ್ಶಕರ ಕೈಯಲ್ಲಿರುವ ಕೆಂಪು ದೀಪವೇ ಗತಿ.

ಆಮೆ ನೀರಿನಿಂದ ಏಳುವಾಗ ಸುಮ್ನೆ ದೂರ ನಿಂತಿರಿ. ಆಗ ಬೆದರಿದರೆ ಹಾಗೇ ವಾಪಸ್ ಹೋಗಿಬಿಡುತ್ತದೆ. ಗುಂಡಿ ತೋಡುವುದನ್ನು ಮಾತ್ರ ಬಿಡಬೇಡಿ. ಹಿಂಗಾಲಿನ ಒಂದು ರೆಕ್ಕೆಯನ್ನು ಸೌಟಿನ ಹಾಗೆ ಮಡಚಿ, ಒಂದು ಹಿಡಿ ಮರಳು ಎತ್ತಿ, ಪಕ್ಕಕ್ಕೆ ಇಡುತ್ತದೆ. ಆಮೇಲೆ ಇನ್ನೊಂದು ರೆಕ್ಕೆ. ಒಂದು ಸಲವೂ ತಿರುಗಿ ನೋಡುವುದಿಲ್ಲ. ಮೊಟ್ಟೆ ಬೀಳಲು ಶುರುವಾದ ಮೇಲೆ ಅದಕ್ಕೆ ಸುತ್ತಲಿನ ಪರಿವೆಯೇ ಇರುವುದಿಲ್ಲ. ಆಗ ಹಿಂದಿನಿಂದ ಹತ್ತಿರ ಬಿಡುತ್ತಾರೆ. ಎಂಬತ್ತು ತೊಂಬತ್ತು ಮೊಟ್ಟೆ, ಬಿಲಿಯರ್ಡ್ಸ್ ಚೆಂಡಿನಷ್ಟು ದಪ್ಪ. ಕಣ್ಣಿನಿಂದ ಅಂಟಂಟಾಗಿ ನೀರು ಸುರಿಯುತ್ತದೆ. ಹೆರಿಗೆ ನೋವಿಗೆ ಅಳುತ್ತದೆ ಎಂದು ಪಕ್ಕದವರು ಹೇಳಿಯೇ ಹೇಳುತ್ತಾರೆ. ಅಳುವಲ್ಲ, ಮೈಯ ಹೆಚ್ಚಿನ ಉಪ್ಪನ್ನು ಹೊರಹಾಕುವ ದಾರಿ. ಎಲ್ಲ ಮುಗಿಯಲು ಒಂದೂವರೆ, ಎರಡು ಗಂಟೆ ಬೇಕು. ಮೊಣಕಾಲು ನೋವಿದ್ದರೆ ಕೂರಲು ಏನಾದರೂ ಒಯ್ಯಿರಿ.

ಒಂದು ದಿನ ಉಳಿದರೆ ಅರೀಮಾ ಕಣಿವೆಯ ಆಸಾ ರೈಟ್ ನೇಚರ್ ಸೆಂಟರ್ ನೋಡಬಹುದು. ಹಿಂದೆ ಕೋಕೋ, ಕಾಫಿ ತೋಟವಾಗಿದ್ದ ಜಾಗ, 1967ರಿಂದ ಪಕ್ಷಿಧಾಮ. ಅಲ್ಲಿನ ಗುಹೆಯಲ್ಲಿ ಎಣ್ಣೆ ಹಕ್ಕಿಗಳಿವೆ. ಹಣ್ಣು ತಿನ್ನುವ ನಿಶಾಚರಿ, ಕತ್ತಲಲ್ಲಿ ಬಾವಲಿಯ ಹಾಗೆ ಸದ್ದು ಮಾಡಿ ದಾರಿ ಹುಡುಕುತ್ತದೆ. ಗುಹೆಗೆ ಬಿಡುವ ದಿನ ಯಾವುದು ಎಂದು ಮೊದಲೇ ಫೋನ್ ಮಾಡಿ ಕೇಳಿ.

ಸಸ್ಯಾಹಾರಿಗಳಿಗೆ ಊಟದ ಚಿಂತೆಯಿಲ್ಲ. 1845ರಿಂದ ಕಬ್ಬಿನ ತೋಟಗಳಿಗೆ ಬಂದ ನಮ್ಮವರ ಅಡುಗೆ ಅಲ್ಲಿ ಬೀದಿ ಬೀದಿಯಲ್ಲಿದೆ. ‘ಡಬಲ್ಸ್’ ಕೇಳಿ, ಎರಡು ಮೆತ್ತನೆ ಬರಾ (ಎಣ್ಣೆಯಲ್ಲಿ ಕರಿದ ರೊಟ್ಟಿ), ಮೇಲೆ ಕಡಲೆ ಪಲ್ಯ. ನಿಮ್ಮವರಿಗೆ ಕ್ರಿಕೆಟ್ ಹುಚ್ಚಿದ್ದರೆ ಕ್ವೀನ್ಸ್ ಪಾರ್ಕ್ ಓವಲ್ ಕಡೆಗೂ ಕರೆದೊಯ್ಯಿರಿ. 1976ರಲ್ಲಿ 403 ರನ್ ಬೆನ್ನಟ್ಟಿ ಗೆದ್ದಾಗ ಭದ್ರಾವತಿಯ ವಿಶ್ವನಾಥ್ 112 ಹೊಡೆದದ್ದು ಅಲ್ಲೇ.

ಕೊನೆಗೆ, ಜನ ಮರೆಯುವ ಒಂದು ವಿಷಯ. ಟ್ರಿನಿಡಾಡ್‌ನಿಂದ ಭಾರತಕ್ಕೆ ಮರಳುವವರಿಗೆ ಹಳದಿ ಜ್ವರದ ಲಸಿಕೆಯ ಕಾರ್ಡ್ ಬೇಕು. ಇಲ್ಲದಿದ್ದರೆ ಬಂದಿಳಿದ ಮೇಲೆ ಪ್ರತ್ಯೇಕವಾಗಿ ಇರಿಸುತ್ತಾರೆ. ಸೂಜಿ ಹಾಕಿಸಿಕೊಂಡ 10 ದಿನದ ನಂತರವೇ ಕಾರ್ಡ್ ಊರ್ಜಿತ, ಆಮೇಲೆ ಜೀವಮಾನ ಪೂರ್ತಿ ಸಾಕು. ನಿಮಗೆ ಅರವತ್ತು ದಾಟಿದ್ದರೆ ಈ ಲಸಿಕೆ ಎಲ್ಲರಿಗೂ ಒಗ್ಗುವುದಿಲ್ಲ, ಟಿಕೆಟ್ ತೆಗೆಯುವ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿಬಿಡಿ.