‘ಮಾತಾಡಕ್ಕೆ ಬರಲ್ಲ, ಅಧ್ಯಕ್ಷೆ ಮಾಡ್ಬಿಟ್ಟವ್ರೆ’

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಮಹಿಳಾ ಹಾಲಿನ ಡೇರಿಗೆ ಈ ಸಲ ನನ್ನನ್ನೇ ಅಧ್ಯಕ್ಷೆ ಮಾಡಿದ್ದಾರೆ. ನಾಲ್ಕು ಜನರ ಮುಂದೆ ನಿಂತರೆ ನನಗೆ ಗಂಟಲು ಕಟ್ಟುತ್ತದೆ. ತರಬೇತಿಗೆ ಹೋದಾಗ ‘ಮೊದಲು ನಿಮ್ಮ ಶಕ್ತಿ ಯಾವುದು ಅಂತ ತಿಳ್ಕೊಳ್ಳಿ, ನಾಯಕತ್ವ ತಾನಾಗೇ ಬರುತ್ತೆ’ ಅಂದರು. ಎಷ್ಟು ಯೋಚಿಸಿದರೂ ಏನೂ ಹೊಳೆಯಲಿಲ್ಲ. ನನ್ನಂಥವರಿಗೆ ಇದು ತಿಳಿಯುವುದು ಹೇಗೆ?

ಉತ್ತರ: ಯೋಚಿಸಿದರೆ ಹೊಳೆಯುವುದಿಲ್ಲ ಅಕ್ಕ, ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಸಲೀಸಾಗಿ ಬರುವ ಕೆಲಸವನ್ನು ಯಾರೂ ಶಕ್ತಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದು ಗಂಟೂ ಇಲ್ಲದಂತೆ ಮುದ್ದೆ ತೊಳಸುವವರನ್ನು ‘ಹೆಂಗೆ ಮಾಡ್ತೀರಿ’ ಅಂತ ಕೇಳಿ ನೋಡಿ. ‘ಅದ್ರಲ್ಲೇನೈತೆ’ ಅನ್ನುತ್ತಾರೆ. ನೀವು ‘ಅದ್ರಲ್ಲೇನೈತೆ’ ಅನ್ನುವ ಜಾಗದಲ್ಲೇ ಹುಡುಕಬೇಕು.

ಮೈಸೂರಿನ ಕಾಲೇಜು ಹುಡುಗರಿಂದ ಹಿಡಿದು ಹೊಸದಾಗಿ ಮುಖ್ಯ ಶಿಕ್ಷಕಿಯಾದವರವರೆಗೆ ಎಷ್ಟೋ ಜನ ಕೇಳುವ ಪ್ರಶ್ನೆ ಇದು. ನಮ್ಮ ಕಡೆ ಮೈಕ್ ಹಿಡಿದವನೇ ಲೀಡರು ಅನ್ನುವುದು ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಡೇರಿಯಲ್ಲಿ ಭಾಷಣದ ಕೆಲಸ ವರ್ಷಕ್ಕೆ ಒಂದು ದಿನ, ಸರ್ವಸದಸ್ಯರ ಸಭೆಯಲ್ಲಿ. ಉಳಿದ ದಿನವೆಲ್ಲ ಬೆಳಿಗ್ಗೆ, ಸಂಜೆ ಹಾಲು ಬರುತ್ತಲೇ ಇರುತ್ತದೆ.

ಹಾಗಾಗಿ ಮೊದಲು ನೋಡಬೇಕಾದ್ದು, ಯಾರು ಯಾವ ಕೆಲಸ ಹಿಡಿದು ನಿಮ್ಮ ಬಾಗಿಲಿಗೆ ಬರುತ್ತಾರೆ ಎಂಬುದನ್ನು. ಹಸು ಕರು ಹಾಕಲು ಒದ್ದಾಡುವಾಗ ರಾತ್ರಿ ನಿಮ್ಮನ್ನು ಕರೆಯುತ್ತಾರೋ? ಪಾಸ್‌ಬುಕ್‌ನಲ್ಲಿ ಏನು ಬರೆದಿದೆ ಅಂತ ಓದಿಸಿಕೊಳ್ಳಲು ಬರುತ್ತಾರೋ? ಓರಗಿತ್ತಿಯರ ಜಗಳದಲ್ಲಿ ಎರಡೂ ಕಡೆಯವರು ನಿಮ್ಮ ಮುಂದೆಯೇ ಅತ್ತು ಹೋಗುತ್ತಾರೋ? ಜನ ಸುಮ್ಮನೆ ಬರುವುದಿಲ್ಲ. ಊರಿನವರು ನಿಮ್ಮನ್ನು ಎಂದೋ ತೂಗಿ ನೋಡಿದ್ದಾರೆ, ನಿಮಗೆ ಮಾತ್ರ ಗೊತ್ತಿಲ್ಲ.

ಇದನ್ನೇ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕೆಲವು ಅಧ್ಯಾಪಕರು ಒಂದು ಅಭ್ಯಾಸವಾಗಿ ರೂಪಿಸಿದ್ದಾರೆ. ನಿಮ್ಮನ್ನು ಬಲ್ಲ ಹತ್ತಾರು ಜನರನ್ನು ಕೇಳಬೇಕು. ‘ನನ್ನಲ್ಲಿ ಏನು ಒಳ್ಳೇದಿದೆ’ ಅಂತಲ್ಲ. ಹಾಗೆ ಕೇಳಿದರೆ ‘ನೀನು ಒಳ್ಳೆಯವಳು ಕಣಕ್ಕ’ ಅನ್ನುವ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ. ‘ನಾನು ಚೆನ್ನಾಗಿ ನಿಭಾಯಿಸಿದೆ ಅಂತ ನಿಮಗೆ ಅನ್ನಿಸಿದ ಒಂದು ಸಂದರ್ಭ ಹೇಳಿ’ ಅಂತ ಕೇಳಬೇಕು. ಹತ್ತು ಜನ ಹೇಳಿದ್ದರಲ್ಲಿ ಯಾವ ಗುಣ ಮತ್ತೆ ಮತ್ತೆ ತಲೆ ಹಾಕುತ್ತದೋ ಅದನ್ನು ಗುರುತು ಮಾಡಿಕೊಳ್ಳಬೇಕು.

ಇಂಟರ್‌ನೆಟ್ಟಿನಲ್ಲಿ ಪ್ರಶ್ನಾವಳಿಗಳೂ ಇವೆ. ಪೀಟರ್‌ಸನ್ ಮತ್ತು ಸೆಲಿಗ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 2004ರಲ್ಲಿ ಮನುಷ್ಯರ ಒಳ್ಳೆಯ ಗುಣಗಳನ್ನು 24 ಬಗೆಯಾಗಿ ವಿಂಗಡಿಸಿದರು. ಅದನ್ನು ಆಧರಿಸಿದ ಪ್ರಶ್ನಾವಳಿಯನ್ನು ಯಾರು ಬೇಕಾದರೂ ತುಂಬಬಹುದು. ಮಗಳ ಮೊಬೈಲಿನಲ್ಲಿ ಒಮ್ಮೆ ಮಾಡಿ ನೋಡಿ, ನಷ್ಟವಿಲ್ಲ. ಜಾತಕದ ಹಾಗೆ ಮಾತ್ರ ನಂಬಬೇಡಿ.

ನನಗೆ ಹೆಚ್ಚು ನಂಬಿಕೆ ಇರುವುದು ನೋಟ್‌ಬುಕ್ಕಿನ ಮೇಲೆ. ಆಡಳಿತ ಶಾಸ್ತ್ರದಲ್ಲಿ ದೊಡ್ಡ ಹೆಸರಾದ ಪೀಟರ್ ಡ್ರಕರ್ 1999ರಲ್ಲಿ ಬರೆದ ಒಂದು ಲೇಖನದಲ್ಲಿ ಈ ಉಪಾಯ ಹೇಳಿದ್ದಾರೆ. ತಾವೇ ಹದಿನೈದು ಇಪ್ಪತ್ತು ವರ್ಷ ಮಾಡಿ ನೋಡಿದ್ದು ಅಂದಿದ್ದಾರೆ. ಯಾವುದಾದರೂ ಮುಖ್ಯ ತೀರ್ಮಾನ ಮಾಡಿದ ದಿನ, ಅದರಿಂದ ಏನಾಗುತ್ತದೆ ಅಂತ ನಿಮಗೆ ಅನ್ನಿಸುತ್ತದೋ ಅದನ್ನು ಬರೆದಿಡಿ. ಒಂಬತ್ತು ತಿಂಗಳೋ ವರ್ಷವೋ ಕಳೆದ ಮೇಲೆ, ಆದದ್ದನ್ನು ಪಕ್ಕದಲ್ಲಿ ಬರೆಯಿರಿ. ಅಷ್ಟೇ.

ನಿಮ್ಮ ಡೇರಿಗೆ ಹೊಂದಿಸಿ ಹೇಳುತ್ತೇನೆ. ಪಶು ಆಹಾರದ ಬಾಕಿ ನಿಂತಿದೆ ಅಂತಿಟ್ಟುಕೊಳ್ಳಿ. ‘ಬಾಕಿ ಇರುವವರ ಮನೆಗೆ ನಾನೇ ಹೋಗಿ ಕೇಳುತ್ತೇನೆ. ಮೂರು ಬಟವಾಡೆಯೊಳಗೆ ಅರ್ಧ ಬರುತ್ತದೆ’ ಅಂತ ತಾರೀಖು ಹಾಕಿ ಬರೆಯಿರಿ. ಇನ್ನೊಂದು ಕಡೆ ‘ಕಟ್ಟಡದ ರಿಪೇರಿ ವಿಷಯ ಸಭೆಯಲ್ಲಿ ಮಾತಾಡಿ ಒಪ್ಪಿಸುತ್ತೇನೆ’ ಅಂತಲೂ ಬರೆಯಿರಿ. ವರ್ಷದ ಕೊನೆಗೆ ಬಾಕಿ ಮುಕ್ಕಾಲು ಪಾಲು ಬಂದು, ರಿಪೇರಿ ಅಲ್ಲೇ ನಿಂತಿದ್ದರೆ ಲೆಕ್ಕ ಸ್ಪಷ್ಟ: ಎದುರು ಕೂತು ಒಬ್ಬೊಬ್ಬರ ಜೊತೆ ಮಾತಾಡುವುದು ನಿಮ್ಮ ಕೈಗುಣ. ಮುಂದಿನ ಸಲ ಸಭೆಯಲ್ಲಿ ಒಪ್ಪಿಸಲು ಹೋಗಬೇಡಿ. ಸಭೆಗೆ ಮೊದಲೇ ಆರೇಳು ಮನೆಯ ಜಗಲಿಯ ಮೇಲೆ ಕೂತು ಬಂದಿರಿ. ಸಭೆಯಲ್ಲಿ ಕೈ ಎತ್ತಿಸುವುದಷ್ಟೇ ಉಳಿದಿರುತ್ತದೆ. ಆಡಳಿತ ಮಂಡಳಿಗೆ ಐದು ವರ್ಷ ಇದೆ. ಎರಡೂವರೆ ವರ್ಷಕ್ಕೆ ಇಳಿಯುವ ಒಳಒಪ್ಪಂದ ಆಗಿದ್ದರೂ ಇದಕ್ಕೆ ಸಮಯ ಸಾಕು.

ತರಬೇತಿಯವರು ಹೇಳದೆ ಬಿಡುವ ಮಾತೊಂದಿದೆ. ಶಕ್ತಿ ಹೆಚ್ಚಾದ ಕಡೆಯೇ ಕಾಲು ಜಾರುವುದು. ನಿಮ್ಮದು ಎಲ್ಲರ ಮಾತನ್ನೂ ಸಮಾಧಾನದಿಂದ ಕೇಳುವ ಗುಣ ಅಂತಿಟ್ಟುಕೊಳ್ಳಿ. ಒಂದು ಬೆಳಿಗ್ಗೆ ನಿಮ್ಮ ಸೋದರತ್ತೆಯ ಹಾಲಿನಲ್ಲಿ ನೀರು ಕಾಣುತ್ತದೆ. ಹಾಲು ಪರೀಕ್ಷಕಿ ನಿಮ್ಮ ಮುಖ ನೋಡುತ್ತಾಳೆ. ಲ್ಯಾಕ್ಟೋಮೀಟರಿಗೆ ನಂಟಸ್ತಿಕೆ ಗೊತ್ತಿಲ್ಲ, ಆದರೆ ನಿಮಗೆ ಗೊತ್ತು. ಹಾಲಿಗೆ ದರ ಕಟ್ಟುವುದೇ ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿ, ಅಂದರೆ ಹಾಲಿನ ಕೊಬ್ಬು ಮತ್ತು ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ ನೋಡಿ. ಒಬ್ಬರ ನೀರು ಎಲ್ಲರ ಕ್ಯಾನಿಗೆ ಸೇರುತ್ತದೆ. ಅವತ್ತು ನೀವು ಸಮಾಧಾನದ ಮಾತಾಡಿದರೆ ಅತ್ತೆ ಉಳಿಯುತ್ತಾರೆ, ಡೇರಿ ಹೋಗುತ್ತದೆ.

ಅಂಥ ಹೊತ್ತಿಗೆ ಖಡಕ್ಕಾಗಿ ‘ಇಲ್ಲ’ ಅನ್ನುವವರು ಪಕ್ಕದಲ್ಲಿರಬೇಕು. ನಿರ್ದೇಶಕಿಯರಲ್ಲಿ ಒಬ್ಬರಾದರೂ ಹಾಗಿರುತ್ತಾರೆ, ‘ಅವಳ ಬಾಯಿ ಸರಿಯಿಲ್ಲ’ ಅಂತ ಊರೆಲ್ಲ ಅನ್ನುತ್ತಿರುತ್ತದೆ. ಗುಣಮಟ್ಟದ ಜವಾಬ್ದಾರಿಯನ್ನು ಆಕೆಗೇ ವಹಿಸಿ. ನಿಮಗಿಂತ ಚೆನ್ನಾಗಿ ಮಾಡುವವರನ್ನು ಕಂಡು ಹೊಟ್ಟೆಕಿಚ್ಚು ಪಡದೆ ಕೆಲಸ ಬಿಟ್ಟುಕೊಡುವುದೂ ಅಧ್ಯಕ್ಷೆಯ ಕೆಲಸವೇ. ನಮ್ಮ ಮಂಡ್ಯದಲ್ಲಿ ವಿಶ್ವೇಶ್ವರಯ್ಯನವರ ಫೋಟೋ ಇಲ್ಲದ ಕಚೇರಿ ಅಪರೂಪ. ಕನ್ನಂಬಾಡಿ ಕಟ್ಟೆ ಅಂದರೆ ಅವರದೇ ಹೆಸರು. ಆದರೆ 1911ರಲ್ಲಿ ಶುರುವಾದ ಕಟ್ಟೆ ಮುಗಿದದ್ದು 1930ರ ದಶಕದ ಆರಂಭಕ್ಕೆ. ಅವರು ದಿವಾನಗಿರಿ ಬಿಟ್ಟದ್ದು 1918ರಲ್ಲೇ. ಲೆಕ್ಕ, ನಕ್ಷೆ, ಶಿಸ್ತು ಅವರ ಬಲ. ಅದಕ್ಕೆ ನಾಲ್ವಡಿಯವರ ಒತ್ತಾಸೆ ಸೇರಿತು, ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇರೆ ಎಂಜಿನಿಯರುಗಳು ಹೆಗಲು ಕೊಟ್ಟರು.

ಆದರೆ ಎಲ್ಲವನ್ನೂ ಬಿಟ್ಟುಕೊಡುವ ಹಾಗಿಲ್ಲ. ‘ಲೆಕ್ಕ ನನ್ನ ಶಕ್ತಿ ಅಲ್ಲ’ ಅಂತ ಕಾರ್ಯದರ್ಶಿ ಚಾಚಿದ ಕಾಗದಕ್ಕೆಲ್ಲ ಸಹಿ ಹಾಕಬೇಡಿ. ಜಮಾ ಖರ್ಚು ಓದುವಷ್ಟನ್ನು ಕಷ್ಟವಾದರೂ ಕಲಿಯಲೇಬೇಕು. ಇನ್ನೊಂದು, ‘ಅವಳಿಗೇನೂ ಗೊತ್ತಾಗಲ್ಲ’ ಅಂತ ಸಭೆಯಲ್ಲಿ ನಿಮ್ಮ ಕುರ್ಚಿಯ ಪಕ್ಕ ಯಜಮಾನರು ಬಂದು ಕೂರುವ ಸಂಭವ ಇದ್ದರೆ, ಮೊದಲ ಸಭೆಯಲ್ಲೇ ಹೊರಗೆ ಕೂರಿಸಿ. ಆಮೇಲೆ ಎಬ್ಬಿಸುವುದು ಕಷ್ಟ.

ಗಂಟಲು ಕಟ್ಟುವ ವಿಷಯಕ್ಕೆ ಬಂದರೆ, ಸರ್ವಸದಸ್ಯರ ಸಭೆಗೆ ಐದು ವಾಕ್ಯ ಬರೆದುಕೊಂಡು ಹೋಗಿ ಓದಿ. ಈ ವರ್ಷ ಎಷ್ಟು ಲೀಟರ್ ಬಂತು, ಎಷ್ಟು ಲಾಭ, ಬೋನಸ್ ಎಷ್ಟು, ಬಾಕಿ ಎಷ್ಟು, ಮುಂದೇನು. ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ. ಬೋನಸ್ಸಿನ ಅಂಕಿ ಬಂದಾಗ ನಿಮ್ಮ ಉಚ್ಚಾರಣೆ ಯಾರೂ ಗಮನಿಸುವುದಿಲ್ಲ.

ಮುಂದಿನ ಬಟವಾಡೆಯ ದಿನ ಅರ್ಧ ಗಂಟೆ ಮೊದಲೇ ಡೇರಿಗೆ ಹೋಗಿ, ಯಾರು ಯಾವ ಮಾತಿಗೆ ನಿಮ್ಮ ಹತ್ತಿರ ಬರುತ್ತಾರೆ ನೋಡಿ. ಮನೆಗೆ ಬಂದು ಬರೆದಿಡಿ. ಆ ನೋಟ್‌ಬುಕ್ಕನ್ನು ಯಜಮಾನರಿಗೆ ತೋರಿಸಲೇಬೇಕು ಅಂತೇನಿಲ್ಲ.