ಸುಂಕದವನ ಮುಂದೆ ಕಾರಿನವನ ಸುಖದುಃಖ

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಅಂತ ಒಂದು ಜಾಗ ಇದೆ. ಹೆಸರೇ ಹೇಳುವಂತೆ, ಹಿಂದೊಂದು ಕಾಲಕ್ಕೆ ಗಾಡಿ ತಡೆದು ಸುಂಕ ಎತ್ತುತ್ತಿದ್ದ ಕಟ್ಟೆ. ಈಗ ಕಟ್ಟೆಯೂ ಇಲ್ಲ, ಎತ್ತಿನಗಾಡಿಯೂ ಇಲ್ಲ. ಊರು ಅದನ್ನು ನುಂಗಿ ಮುಂದಕ್ಕೆ ಹೋಗಿದೆ. ಅದರ ಮಗ್ಗುಲಲ್ಲೇ ಹೇರೋಹಳ್ಳಿ. 2019ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಒಂದು ರಸ್ತೆಯಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ನಟರೊಬ್ಬರಿಗೆ ಗಗನಯಾತ್ರಿಯ ವೇಷ ಹಾಕಿಸಿ ನಡೆಸಿದ್ದರು. ಚಂದ್ರಯಾನ-2ರ ದಿನಗಳು. ವಿಡಿಯೋ ಶುರುವಾದಾಗ ಚಂದ್ರನ ಮೇಲೆ ನಡೆಯುತ್ತಿದ್ದಾರೆ ಅಂತಲೇ ಅನ್ನಿಸುತ್ತದೆ. ಆಮೇಲೆ ಪಕ್ಕದಲ್ಲಿ ಒಂದು ಆಟೋ ಹಾದುಹೋಗುತ್ತದೆ, ಚಂದ್ರನ ಕುಳಿಗಳೆಲ್ಲ ರಸ್ತೆಯ ಗುಂಡಿಗಳು ಅಂತ ಗೊತ್ತಾಗುತ್ತದೆ. ಊರೆಲ್ಲ ನಕ್ಕ ಮೇಲೆ, ಗುಂಡಿಗಳಿಗೆ ಬೇಗನೆ ತೇಪೆಯೂ ಬಿತ್ತು.

ನಮ್ಮ ಬೀದಿಗೆ ಅಂಥ ಅದೃಷ್ಟ ಇಲ್ಲ. ಮಳೆ ಬಂದ ಒಂದು ಸಂಜೆ ಅಡ್ಡರಸ್ತೆಯಲ್ಲಿ ನೀರು ನಿಂತಿತ್ತು. ಎಲ್ಲಿ ರಸ್ತೆ, ಎಲ್ಲಿ ಗುಂಡಿ ಒಂದೂ ಗೊತ್ತಾಗಲಿಲ್ಲ. ಎಡಗಡೆಯ ಮುಂದಿನ ಚಕ್ರ ಧಡ್ ಅಂತ ಇಳಿಯಿತು. ಮರುದಿನ ಪಂಕ್ಚರ್ ಅಂಗಡಿಯ ಹುಡುಗ ಟೈರ್ ಕಳಚಿದ. ಅದರ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಊದಿದ್ದ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿ ತೋರಿಸಿದ. "ಒಳಗಡೆ ದಾರ ಕಟ್ಟಾಗಿದೆ ಸಾರ್, ಯಾವಾಗ ಬೇಕಾದ್ರೂ ಸಿಡಿಯುತ್ತೆ. ರಿಮ್ ಬಡಿದು ಸರಿ ಮಾಡಬಹುದು. ಟೈರ್ ಮಾತ್ರ ಹೊಸದೇ ಹಾಕಿಸಿ" ಅಂದ.

ಎಲ್ಲರೂ ಹೇಳುವ ಮಾತು ನನ್ನ ಬಾಯಿಂದಲೂ ಬಂತು: "ಇಷ್ಟೊಂದು ರೋಡ್ ಟ್ಯಾಕ್ಸ್ ಕಟ್ತೀವಿ, ರೋಡ್ ನೋಡಿದ್ರೆ ಹಿಂಗೆ." ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ಗಾದೆ ಇದೆಯಲ್ಲ, ಹೇಳಿ ಪ್ರಯೋಜನ ಇಲ್ಲ ಅನ್ನುವುದಕ್ಕೆ. ಆದರೆ ಇಲ್ಲಿನ ತೊಡಕು ಬೇರೆ. ನಮ್ಮ ಸುಂಕದವರು ಮೂರು ಜನ. ನನ್ನ ಬೀದಿಯ ಗುಂಡಿ ಮುಚ್ಚಬೇಕಾದವರು ಆ ಮೂವರಲ್ಲಿ ಯಾರೂ ಅಲ್ಲ.

ಮೊದಲನೇ ಸುಂಕದವರು ಕೇಂದ್ರದವರು, ಪೆಟ್ರೋಲಿನ ಮೇಲೆ ಸುಂಕ ಎತ್ತುವವರು. ಮೊದಲಿಗೆ ಹೀಗಿರಲಿಲ್ಲ. ಸುಮಾರು ನೂರು ವರ್ಷದ ಹಿಂದಿನ ಮಾತು. ದೇಶಕ್ಕೆ ಮೋಟಾರು ಗಾಡಿಗಳು ಬರತೊಡಗಿದ್ದವು. ಇದ್ದದ್ದು ಎತ್ತಿನಗಾಡಿಗೆಂದು ಹಾಕಿದ ಕಲ್ಲುಮಣ್ಣಿನ ರಸ್ತೆ. ಮೋಟಾರು ಓಡಿದರೆ ಧೂಳೆದ್ದು ಕಿತ್ತು ಬರುತ್ತಿತ್ತು. 1927ರಲ್ಲಿ ಎಂ.ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಆಯಿತು. ಆಗ ಒಂದು ಗ್ಯಾಲನ್ ಪೆಟ್ರೋಲಿಗೆ 4 ಆಣೆ ಸುಂಕ ಇತ್ತು. ಅದನ್ನು 6 ಆಣೆ ಮಾಡಿ, ಹೆಚ್ಚಿಗೆ ಬರುವ 2 ಆಣೆಯನ್ನು ರಸ್ತೆಗೇ ಮೀಸಲಿಡಿ ಎಂಬುದು ಸಮಿತಿಯ ಸಲಹೆ. 1929ರಲ್ಲಿ ಅದು ಜಾರಿಗೆ ಬಂತು, ಕೇಂದ್ರ ರಸ್ತೆ ನಿಧಿ ಹುಟ್ಟಿತು. ಎಲ್ಲಿ ಎಷ್ಟು ಪೆಟ್ರೋಲ್ ಖರ್ಚಾಗಿದೆ ಅಂತ ನೋಡಿ ದುಡ್ಡು ಹಂಚುತ್ತಿದ್ದರು. ಸರಳ ಲೆಕ್ಕ: ಗಾಡಿ ಓಡಿಸುವವನು ಕೊಡುತ್ತಾನೆ, ಗಾಡಿ ಓಡುವ ರಸ್ತೆಗೆ ಹೋಗುತ್ತದೆ. ಆಮೇಲಿನ ಕಥೆಯೆಲ್ಲ ಈ ಗಂಟು ಒಂದೊಂದೇ ಎಳೆಯಾಗಿ ಸಡಿಲವಾದದ್ದು.

ಎರಡನೇ ಸುಂಕದವರು ರಾಜ್ಯದವರು. ಸಂವಿಧಾನದಲ್ಲಿ ವಾಹನಗಳ ಮೇಲಿನ ತೆರಿಗೆ ರಾಜ್ಯಗಳ ಪಟ್ಟಿಯಲ್ಲಿದೆ. ಏಕೀಕರಣವಾದ ಮರುವರ್ಷವೇ, 1957ರಲ್ಲಿ, ನಮ್ಮಲ್ಲಿ ಮೋಟಾರು ವಾಹನ ತೆರಿಗೆ ಕಾಯ್ದೆ ಬಂತು. ಇವತ್ತಿಗೂ ಆರ್‌ಟಿಒದಲ್ಲಿ ನಾವು ಕಟ್ಟುವುದು ಅದೇ ಕಾಯ್ದೆಯ ಪ್ರಕಾರ. ಸ್ವಂತ ಗಾಡಿಗಳಿಗೆ ಮುಂದೆ ಜೀವಾವಧಿ ತೆರಿಗೆ ಬಂತು. ಒಂದೇ ಸಲ ಕಟ್ಟಿ ಮರೆತುಬಿಡಿ ಅನ್ನುವ ಅನುಕೂಲ. ಆದರೆ ಮರೆಯುವಷ್ಟು ಸಣ್ಣ ಮೊತ್ತವಲ್ಲ. ಕಾರಿನ ಬೆಲೆ 5 ಲಕ್ಷದೊಳಗಿದ್ದರೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ದೇಶದಲ್ಲೇ ಜಾಸ್ತಿ ತೆರಿಗೆ ಹಾಕುವ ರಾಜ್ಯಗಳಲ್ಲಿ ನಮ್ಮದೂ ಒಂದು.

12 ಲಕ್ಷದ ಕಾರಿನ ಕೊಟೇಶನ್ ಕೈಗೆ ತಗೊಂಡು ನೋಡಿ. ಶೇ 17 ಅಂದರೆ 2,04,000. ಸೆಸ್ 22,440. ಒಟ್ಟು 2,26,440 ರೂಪಾಯಿ. ಆ 12 ಲಕ್ಷದಲ್ಲಿ ಜಿಎಸ್‌ಟಿ ಮೊದಲೇ ಸೇರಿಕೊಂಡಿರುತ್ತದೆ, ಅಂದರೆ ಇದು ತೆರಿಗೆಯ ಮೇಲಿನ ತೆರಿಗೆ. ಶೋರೂಮಿನ ಹುಡುಗ ಇದನ್ನೆಲ್ಲ "ಆನ್‌ ರೋಡ್ ಪ್ರೈಸ್ ಸಾರ್" ಅಂತ ಒಂದೇ ಉಸಿರಲ್ಲಿ ಹೇಳಿ ಮುಗಿಸುತ್ತಾನೆ. ಆ ಹೆಸರಲ್ಲಾದರೂ ರೋಡ್ ಇದೆ ಅಂತ ಸಮಾಧಾನ ಮಾಡಿಕೊಳ್ಳಬೇಕು.

ಈ ತೆರಿಗೆ ಯಾತಕ್ಕೆ ಅನ್ನುವ ಪ್ರಶ್ನೆ ನ್ಯಾಯಾಲಯಗಳಿಗೂ ಹೋಗಿದೆ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿಶಾಖಪಟ್ಟಣದ ಉಕ್ಕು ಕಾರ್ಖಾನೆಯ ಆವರಣದೊಳಗೇ ಓಡುತ್ತಿದ್ದ ಲಾರಿಗಳ ವಿಷಯದಲ್ಲಿ ತೀರ್ಪು ಕೊಟ್ಟಿತು. ಸಾರ್ವಜನಿಕ ರಸ್ತೆ ಬಳಸದ ಗಾಡಿಗೆ ಈ ತೆರಿಗೆ ಹಾಕುವ ಹಾಗಿಲ್ಲ, ಯಾಕೆಂದರೆ ಇದು ರಸ್ತೆ ಬಳಸುವುದಕ್ಕೆ ಕೊಡುವ ಪ್ರತಿಫಲ ಅಂತ ಹೇಳಿತು. ತತ್ವ ಸರಿಯಾಗೇ ಇದೆ. ಆದರೆ ನಾನು ಕಟ್ಟಿದ್ದು ರಾಜ್ಯದ ಖಜಾನೆ ಸೇರಿದ ಮೇಲೆ ಬೇರೆಲ್ಲ ದುಡ್ಡಿನ ಜೊತೆ ಬೆರೆತುಹೋಗುತ್ತದೆ. ಹೊಳೆಗೆ ಸುರಿದ ಬಿಂದಿಗೆ ನೀರನ್ನು ಮತ್ತೆ ಬೇರೆ ಮಾಡಲಿಕ್ಕೆ ಆಗುತ್ತದಾ?

ಇನ್ನು ಬಂಕಿಗೆ ಬರೋಣ. ಇಲ್ಲಿ ಸುಂಕದವರು ಇಬ್ಬರು ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದಾರೆ. ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರಿ ಹಿಡಿತ 2010ರ ಜೂನ್‌ನಲ್ಲಿ ಹೋಯಿತು, ಡೀಸೆಲ್‌ನದು 2014ರಲ್ಲಿ. 2017ರ ಜೂನ್‌ನಿಂದ ದಿನಾ ಬೆಲೆ ಬದಲಾಗತೊಡಗಿತು. ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಇಳಿದರೆ ಇಲ್ಲೂ ಇಳಿಯಬೇಕು ಅಲ್ವಾ? 2020ರಲ್ಲಿ ಕಚ್ಚಾ ತೈಲ ನೆಲಕಚ್ಚಿತು. ಆಗ ಕೇಂದ್ರ ಎಕ್ಸೈಸ್ ಸುಂಕ ಏರಿಸಿ, ಲೀಟರಿಗೆ ಸುಮಾರು 33 ರೂಪಾಯಿಗೆ ತಂದು ನಿಲ್ಲಿಸಿತು. ಅದರಲ್ಲಿ 18 ರೂಪಾಯಿ ರಸ್ತೆ ಮತ್ತು ಮೂಲಸೌಕರ್ಯದ ಸೆಸ್. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ 100 ರೂಪಾಯಿ ದಾಟಿತು. ಆ ನವೆಂಬರ್‌ನಲ್ಲಿ 5, 2022ರ ಮೇನಲ್ಲಿ 8 ರೂಪಾಯಿ ಎಕ್ಸೈಸ್ ಇಳಿಸಿದ್ದರಿಂದ 19.90ಕ್ಕೆ ಬಂತು. 2025ರ ಏಪ್ರಿಲ್‌ನಲ್ಲಿ ಮತ್ತೆ 2 ರೂಪಾಯಿ ಏರಿತು.

ಇಲ್ಲೊಂದು ಒಳಗಿನ ಆಟ ಇದೆ, ಅದನ್ನು ಸ್ವಲ್ಪ ನಿಂತು ನೋಡಬೇಕು. ಆ 19.90ರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಎಕ್ಸೈಸ್ ಬರೀ 1.40 ರೂಪಾಯಿ. ಉಳಿದದ್ದು ಸೆಸ್ಸು, ವಿಶೇಷ ಸುಂಕ ಅನ್ನುವ ಹೆಸರಲ್ಲಿದೆ. ಅದನ್ನು ಹಂಚಬೇಕಿಲ್ಲ. ಪೆಟ್ರೋಲ್ ಜಿಎಸ್‌ಟಿಯ ಒಳಗೂ ಬಂದಿಲ್ಲ. ಹಾಗಾಗಿ ರಾಜ್ಯಕ್ಕೆ ದುಡ್ಡು ಬೇಕು ಅನ್ನಿಸಿದಾಗ ಕೈ ಹೋಗುವುದು ತನ್ನ ಮಾರಾಟ ತೆರಿಗೆಯ ಮೇಲೆ. 2024ರ ಜೂನ್‌ನಲ್ಲಿ ಕರ್ನಾಟಕ ಪೆಟ್ರೋಲ್ ಮೇಲಿನ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ರಾತ್ರೋರಾತ್ರಿ ಲೀಟರಿಗೆ 3 ರೂಪಾಯಿ ಜಾಸ್ತಿಯಾಯಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಸರದಿ, ಅದು 2 ರೂಪಾಯಿ ಏರಿತು. ಕೇಂದ್ರ ಏರಿಸಿದಾಗ ರಾಜ್ಯದವರು ಎತ್ತಿನಗಾಡಿ ಹತ್ತಿ ಪ್ರತಿಭಟನೆ ಮಾಡುತ್ತಾರೆ, ರಾಜ್ಯ ಏರಿಸಿದಾಗ ಆ ಕಡೆಯವರು ಅದೇ ಗಾಡಿ ಹತ್ತುತ್ತಾರೆ. ನಾವು ಮಾತ್ರ ಎರಡೂ ಸಲ ಬಂಕಿನ ಸಾಲಿನಲ್ಲಿ ನಿಂತಿರುತ್ತೇವೆ.

ರಸ್ತೆ ಸೆಸ್ ರಸ್ತೆಗೇ ಹೋಗುತ್ತದಾ ಅಂದರೆ, ಪೂರ್ತಿ ಇಲ್ಲ. ಜಯಕರ್ ಕಾಲದ ನಿಧಿಗೆ 2000ದಲ್ಲಿ ಹೊಸ ಕಾಯ್ದೆಯ ಬಲ ಬಂತು. 2018ರಲ್ಲಿ ಹೆಸರು ಬದಲಾಯಿಸಿ ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿ ಅಂತ ಮಾಡಿದರು. ಆಮೇಲೆ ರೈಲು, ಜಲಮಾರ್ಗ, ಕುಡಿಯುವ ನೀರು, ಆಸ್ಪತ್ರೆ ಕಟ್ಟಡಗಳವರೆಗೆ ಅದರ ವ್ಯಾಪ್ತಿ ಹಿಗ್ಗಿತು. ಆಸ್ಪತ್ರೆ ಬೇಡ ಅನ್ನುವವರು ಯಾರು? ಆದರೆ 2 ಆಣೆಯ ಆ ಹಳೇ ಲೆಕ್ಕ ಅಲ್ಲಿಗೆ ಮುಗಿಯಿತು.

ಮೂರನೆಯದು ಟೋಲ್. ರಸ್ತೆಗೆಂದು ಎತ್ತಿದ ದುಡ್ಡು ಹೆದ್ದಾರಿಗಳಿಗೆ ಸಾಲುವುದಿಲ್ಲ ಅಂತಾದಾಗ, 1995ರಲ್ಲಿ ಕಾನೂನು ತಿದ್ದಿ ಖಾಸಗಿಯವರು ಹೆದ್ದಾರಿ ಕಟ್ಟಿ ಸುಂಕ ಎತ್ತಲು ದಾರಿ ಮಾಡಿದರು. 2008ರಲ್ಲಿ ದರದ ನಿಯಮ ಬಂತು. ವರ್ಷಾ ವರ್ಷ ಶೇ 3 ಏರಿಕೆ, ಅದರ ಮೇಲೆ ಸಗಟು ಬೆಲೆ ಏರಿಕೆಯ ಶೇ 40 ಭಾಗ. ಏಪ್ರಿಲ್ 1ರಂದು ಟೋಲ್ ಏರುವುದು ಹೀಗೆ. ಹಾಕಿದ ಬಂಡವಾಳ ವಾಪಸ್ ಬಂದ ಮೇಲೆ ದರವನ್ನು ಶೇ 40ಕ್ಕೆ ಇಳಿಸಬೇಕು ಅಂತಲೂ ಆ ನಿಯಮದಲ್ಲಿತ್ತು. ಜನರಿಗೆ ಅನುಕೂಲವಾಗಿದ್ದ ಆ ಒಂದು ಸಾಲನ್ನು 2023ರಲ್ಲಿ ತೆಗೆದುಹಾಕಿದರು.

ನಮಗೆ ಟೋಲ್ ಬಿಸಿ ಸರಿಯಾಗಿ ತಟ್ಟಿದ್ದು ಮೈಸೂರು ರಸ್ತೆಯಲ್ಲಿ. 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಪ್ರಧಾನಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟಿಸಿದರು. ಎರಡೇ ದಿನಕ್ಕೆ ಟೋಲ್ ಶುರು, ಕಾರಿಗೆ ಒಂದು ಕಡೆಗೆ 135 ರೂಪಾಯಿ. ಒಂದು ವಾರ ತುಂಬುವ ಮೊದಲೇ ಮಳೆ ಬಂದು ರಾಮನಗರದ ಹತ್ತಿರ ಅಂಡರ್‌ಪಾಸಿನಲ್ಲಿ ಕಾರುಗಳು ಮುಳುಗಿ ನಿಂತವು. ಜುಲೈನಲ್ಲಿ ಎರಡನೇ ಭಾಗದ ಟೋಲೂ ಸೇರಿ ಮೈಸೂರಿನವರೆಗೆ 320 ರೂಪಾಯಿ ಆಯಿತು. ಅಪಘಾತಗಳು ಹೆಚ್ಚಿದವು ಅಂತ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಸರ್ವಿಸ್ ರಸ್ತೆಗೆ ಇಳಿಸಿದರು. ಒಂದೂವರೆ ತಾಸಿನಲ್ಲಿ ಮೈಸೂರು ಮುಟ್ಟುವುದು ನಿಜವೇ, ಸುಳ್ಳು ಹೇಳಬಾರದು. ಆದರೆ ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ ಅಂಗಡಿ, ಮದ್ದೂರು ವಡೆ ಎಲ್ಲ ಈಗ ಕಿಟಕಿಯಾಚೆ ಎಲ್ಲೋ ಉಳಿದುಬಿಡುತ್ತವೆ. ಹೆದ್ದಾರಿಯಿಂದ ಇಳಿದು, ತಿಂದು, ಮತ್ತೆ ಹತ್ತುವ ತಾಪತ್ರಯ ಯಾರಿಗೆ ಬೇಕು?

ಕರಾವಳಿಯವರು ಮಾತ್ರ ಸುಂಕದವನಿಗೆ ಸುಖದುಃಖ ಕೇಳಿಸಿದರು. 60 ಕಿಲೋಮೀಟರ್ ಒಳಗೆ ಎರಡು ಟೋಲ್ ಇರಬಾರದು ಅನ್ನುವ ನಿಯಮ ಹಿಡಿದು ಸುರತ್ಕಲ್ ಟೋಲ್ ಗೇಟಿನ ಮುಂದೆ ವರ್ಷಗಟ್ಟಲೆ ಹೋರಾಡಿದರು. 2022ರ ಡಿಸೆಂಬರ್ 1ಕ್ಕೆ ಆ ಗೇಟ್ ಮುಚ್ಚಿತು.

ಇಷ್ಟಾದರೂ ನನ್ನ ಬೀದಿಗೆ ಇನ್ನೂ ಬಂದಿಲ್ಲ ನೋಡಿ. ಟೋಲ್ ಹೆದ್ದಾರಿಗೆ, ಎಕ್ಸೈಸ್ ದೆಹಲಿಗೆ, ಜೀವಾವಧಿ ತೆರಿಗೆ ವಿಧಾನಸೌಧಕ್ಕೆ. ಮನೆ ಮುಂದಿನ ರಸ್ತೆ ನಗರಪಾಲಿಕೆಯದು. ಪಾಲಿಕೆಯ ಸ್ವಂತ ದುಡ್ಡು ಅಂದರೆ ಮುಖ್ಯವಾಗಿ ಆಸ್ತಿ ತೆರಿಗೆ. ಅಂದರೆ ನನ್ನ ಕಾರು ಓಡುವ ರಸ್ತೆಗೆ ನನ್ನ ಕಾರಿಗಿಂತ ನನ್ನ ಮನೆಯೇ ಹೆಚ್ಚು ನೇರವಾಗಿ ದುಡ್ಡು ಕೊಡುತ್ತಿದೆ! ಉಳಿದದ್ದಕ್ಕೆ ರಾಜ್ಯ ಸರ್ಕಾರದ ಅನುದಾನ ಬರಬೇಕು. ಅದು ಯಾವ ರಸ್ತೆಗೆ, ಯಾವಾಗ ಬರುತ್ತದೆ ಅನ್ನುವುದು ಎಂಎಲ್‌ಎ ಯಾರು, ಚುನಾವಣೆ ಯಾವಾಗ ಅನ್ನುವುದರ ಮೇಲೂ ನಿಂತಿರುತ್ತದೆ.

2007ರಲ್ಲಿ ಬಿಬಿಎಂಪಿ ಮಾಡುವಾಗ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿದರು. ಹಳ್ಳಿಗಳು ಸೇರಿದವು, ಕಾವೇರಿ ನೀರು ಮತ್ತು ಒಳಚರಂಡಿ ಸೇರಲಿಲ್ಲ. ಪೈಪ್ ಹಾಕಲು ಅಲ್ಲಿನ ರಸ್ತೆಗಳನ್ನು ವರ್ಷಾನುಗಟ್ಟಲೆ ಅಗೆದರು. ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. 2020ರ ಸೆಪ್ಟೆಂಬರ್‌ಗೆ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು, ಆಮೇಲೆ ಚುನಾವಣೆಯೇ ಇಲ್ಲದೆ ಐದು ವರ್ಷ ಕಳೆಯಿತು. ಗುಂಡಿ ತೋರಿಸಿ ಬೈಯಲಿಕ್ಕೆ ಕಾರ್ಪೊರೇಟರ್ ಕೂಡ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು.

ಗುಂಡಿ ಆಗುವುದು ಹೇಗೆ ಅನ್ನುವುದರಲ್ಲಿ ಗುಟ್ಟೇನಿಲ್ಲ. ಡಾಂಬರಿಗೆ ನೀರು ಆಗಿಬರುವುದಿಲ್ಲ. ಮೋರಿ ಕಟ್ಟಿಕೊಂಡರೆ ಮಳೆನೀರು ರಸ್ತೆ ಮೇಲೆ ನಿಲ್ಲುತ್ತದೆ. ಬಿರುಕಿನಲ್ಲಿ ಇಳಿದು ಜಲ್ಲಿಗೂ ಡಾಂಬರಿಗೂ ಇರುವ ಅಂಟು ಬಿಡಿಸುತ್ತದೆ. ಮೇಲೆ ಒಂದು ನೀರಿನ ಟ್ಯಾಂಕರ್ ಹೋದರೆ ಜಲ್ಲಿ ಎದ್ದು ಬರುತ್ತದೆ. ಅದರ ಜೊತೆಗೆ ಅಗೆತ. ನೀರಿನವರು, ಕರೆಂಟಿನವರು, ಗ್ಯಾಸ್ ಪೈಪಿನವರು, ಕೇಬಲ್‌ನವರು ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ. ಅಗೆದ ಕಾಲುವೆಗೆ ಅದೇ ಮಣ್ಣು ತುಂಬಿ, ದಮ್ಮಸ್ಸು ಮಾಡದೆ, ಮೇಲೆ ಒಂದು ತೆಳ್ಳನೆ ಪದರ ಬಳಿದರೆ ಮೊದಲ ಮಳೆಗೆ ಕುಸಿಯದೆ ಇನ್ನೇನಾಗುತ್ತದೆ? ನಮ್ಮ ಬೀದಿಯ ಗುಂಡಿ ಈ ಜಾತಿಯದು. ಉದ್ದಕ್ಕೆ, ನೇರವಾಗಿ, ಗೆರೆ ಎಳೆದ ಹಾಗೆ ಇದೆ.

ಕಾನೂನು ಇಲ್ಲ ಅಂತಲ್ಲ. ಬೆಂಗಳೂರಿನ ಗುಂಡಿಗಳ ಬಗ್ಗೆ 2015ರಿಂದ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ನಡೆದಿದೆ. ಗುಂಡಿಯಿಂದ ಗಾಯಗೊಂಡವರು ಪಾಲಿಕೆಯನ್ನು ಪರಿಹಾರ ಕೇಳಬಹುದು ಅಂತ 2019ರಲ್ಲಿ ನ್ಯಾಯಾಲಯ ಹೇಳಿತು. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಸೆಕ್ಷನ್ ಪ್ರಕಾರ, ರಸ್ತೆಯ ಕಳಪೆ ವಿನ್ಯಾಸ ಅಥವಾ ನಿರ್ವಹಣೆಯಿಂದ ಸಾವು, ಅಂಗವೈಕಲ್ಯ ಆದರೆ ಹೊಣೆಗಾರರಿಗೆ 1 ಲಕ್ಷದವರೆಗೆ ದಂಡ ಹಾಕಬಹುದು. ಹೆಲ್ಮೆಟ್ ದಂಡ ಏರಿದ್ದು ಎಲ್ಲರಿಗೂ ಗೊತ್ತು. ಅದೂ ಇದೇ ತಿದ್ದುಪಡಿಯಲ್ಲಿ ಬಂದದ್ದು. 198ಎ ಹೆಸರು ಕೇಳಿದವರು ಎಷ್ಟು ಜನ?

ದೊಡ್ಡ ಯೋಜನೆಗಳಿಗೆ ಇರುವ ಉತ್ಸಾಹ ಈ ಸಣ್ಣ ಕೆಲಸಗಳಿಗೆ ಯಾವತ್ತೂ ಇರಲಿಲ್ಲ. 2016ರಲ್ಲಿ ಚಾಲುಕ್ಯ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಅಂದರು. ಜನ ಕೈ ಕೈ ಹಿಡಿದು ಸಾಲು ನಿಂತರು, 2017ರ ಮಾರ್ಚ್‌ನಲ್ಲಿ ಕೈಬಿಟ್ಟರು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆಯ ಮಾತು. ಅದಕ್ಕೂ ಟೋಲ್ ಇದೆ. ಎಲೆಕ್ಟ್ರಿಕ್ ಗಾಡಿಗಳದು ಇನ್ನೊಂದು ಕಥೆ. ಅವು ಬಂಕಿಗೆ ಬರುವುದೇ ಇಲ್ಲ. 2024ರಲ್ಲಿ ರಾಜ್ಯ 25 ಲಕ್ಷಕ್ಕಿಂತ ದುಬಾರಿ ಇವಿಗಳಿಗೆ ಶೇ 10 ಜೀವಾವಧಿ ತೆರಿಗೆ ಹಾಕಿತು. ಪೆಟ್ರೋಲಿನ ಆದಾಯ ಕರಗಿದ ಹಾಗೆ ಹೊಸ ಸುಂಕದಕಟ್ಟೆಗಳು ಹುಟ್ಟುವುದರಲ್ಲಿ ನನಗಂತೂ ಅನುಮಾನ ಇಲ್ಲ.

ನನ್ನದೂ ತಪ್ಪಿದೆ, ಒಪ್ಪಿಕೊಳ್ಳುತ್ತೇನೆ. ಐದು ಜನ ಕೂರುವ ಕಾರಿನಲ್ಲಿ ಒಬ್ಬನೇ ಕೂತು ಆಫೀಸಿಗೆ ಹೋಗುತ್ತೇನೆ. ಬಸ್ ಸ್ಟಾಪಿಗೆ ಮುಕ್ಕಾಲು ಕಿಲೋಮೀಟರ್. ನಡೆಯಬಹುದು. ಆದರೆ ಫುಟ್‌ಪಾತ್ ಚಪ್ಪಡಿಗಳನ್ನು ಕೇಬಲ್‌ನವರು ಎತ್ತಿಟ್ಟು ಹೋಗಿದ್ದಾರೆ, ಮಳೆ ಬಂದರೆ ಅದೇ ಗುಂಡಿಯ ನೀರು ಪ್ಯಾಂಟಿಗೆ ಹಾರುತ್ತದೆ.

ಟೈರ್ ಅಂಗಡಿಯಲ್ಲಿ ಹೊಸ ಟೈರ್ ಹಾಕಿಸಿ, ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿದೆ. ಬಿಲ್ಲಿನಲ್ಲಿ ಜಿಎಸ್‌ಟಿ ಶೇ 18 ಅಂತಿತ್ತು. ನಾನು ಅದನ್ನೇ ನೋಡುತ್ತಿದ್ದದ್ದು ಕಂಡು ಗಲ್ಲಾ ಮೇಲಿದ್ದವರು, "ಮೊದ್ಲು ಇಪ್ಪತ್ತೆಂಟಿತ್ತು ಸಾರ್, ಈಗ ಕಮ್ಮಿ ಮಾಡಿದಾರೆ" ಅಂದರು. ಆಮೇಲೆ ತಾವಾಗಿಯೇ, "ಇನ್ನೊಂದು ಕಡೆ ಟೈರೂ ಸವೆದಿದೆ, ಜೋಡಿ ಹಾಕಿಸ್ಬಿಡಿ" ಅಂದರು.