ಡಿ1 ಪ್ರೋಟೀನನ್ನು ಕೀಳುವ ಕಿಣ್ವಗಳು

ಕಡುಬಿಸಿಲಿಗೆ ಒಡ್ಡಿದ ಎಲೆಯಲ್ಲಿ ಡಿ1 ಎಂಬ ಪ್ರೋಟೀನಿನ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಒಡೆದುಹೋಗಲು ಹಿಡಿಯುವ ಸಮಯ, ಸುಮಾರು ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಕಡಿಮೆ. ಎಲೆಯ ಜೀವಕೋಶದೊಳಗಿನ ಹಸಿರು ಕಣವಾದ ಕ್ಲೋರೋಪ್ಲಾಸ್ಟಿನಲ್ಲಿ, ಥೈಲಕಾಯ್ಡ್ ಎಂಬ ಚಪ್ಪಟೆ ಚೀಲಗಳ ಪೊರೆಯಲ್ಲಿ ಕೂತು ನೀರನ್ನು ಸೀಳಿ ಆಮ್ಲಜನಕ ಬಿಡುವ ಫೋಟೋಸಿಸ್ಟಮ್-2 ಎಂಬ ಪ್ರೋಟೀನ್ ಯಂತ್ರದ ನಡುಭಾಗ ಇದು. ಆ ಯಂತ್ರದಲ್ಲಿ 20ಕ್ಕೂ ಹೆಚ್ಚು ಪ್ರೋಟೀನುಗಳಿದ್ದರೂ ಬೆಳಕಿನ ಪೆಟ್ಟು ಬೀಳುವುದು ಹೆಚ್ಚಾಗಿ ಇದಕ್ಕೇ. ಗಿಡ ಇಡೀ ಯಂತ್ರವನ್ನು ಬಿಸಾಡುವುದಿಲ್ಲ. ಕೆಟ್ಟ ಡಿ1 ಒಂದನ್ನು ಕಿತ್ತು ಹೊಸದನ್ನು ಕೂರಿಸುತ್ತದೆ.

ಕೂರಿಸುವುದಕ್ಕಿಂತ ಕೀಳುವುದೇ ಕಷ್ಟ. ಡಿ1 ಪೊರೆಯನ್ನು ಐದು ಸಲ ಹಾದುಹೋಗಿ ಗಟ್ಟಿಯಾಗಿ ನೆಟ್ಟುಕೊಂಡಿದೆ. ಜೊತೆಗೆ ಥೈಲಕಾಯ್ಡುಗಳು ಒತ್ತಾಗಿ ಪೇರಿಸಿಕೊಂಡಿರುವ ಗ್ರಾನಾದ ಸಂದಿಯಲ್ಲಿ ದೊಡ್ಡ ಕಿಣ್ವ ತೂರುವುದಿಲ್ಲ. ಆದ್ದರಿಂದ ಪೆಟ್ಟುತಿಂದ ಯಂತ್ರ ಬಿಡಿಬಿಡಿಯಾಗಿ, ಪೇರಿಕೆಯಿಲ್ಲದ ಅಂಚಿನತ್ತ ಸರಿಯುತ್ತದೆ. ಅಲ್ಲಿ ಎಫ್‌ಟಿಎಸ್‌ಎಚ್ ಎಂಬ ಪ್ರೋಟಿಯೇಸ್ (ಪ್ರೋಟೀನನ್ನು ಒಡೆಯುವ ಕಿಣ್ವ) ಕೆಲಸ ಶುರುಮಾಡುತ್ತದೆ. ಇದನ್ನು ಕತ್ತರಿ ಎನ್ನುವುದು ಅಷ್ಟು ಸರಿಯಲ್ಲ: ಆರು ಘಟಕಗಳ ಈ ಉಂಗುರ ಡಿ1ರ ಬಾಲ ಹಿಡಿದು, ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಖರ್ಚುಮಾಡುತ್ತ, ಪೊರೆಯಿಂದ ದಾರದಂತೆ ಎಳೆದುಕೊಂಡು ಒಳಗೆ ಚೂರುಮಾಡುತ್ತದೆ. ಚೂರುಮಾಡುವ ಜಾಗದಲ್ಲಿ ಸತುವಿನ ಅಯಾನು ಇರಲೇಬೇಕು. ಪೊರೆಯ ಆಚೆ ಬದಿಯಿಂದ ಡೆಗ್ ಎಂಬ ಬೇರೆ ಕಿಣ್ವಗಳು, ಎಟಿಪಿಯ ಹಂಗಿಲ್ಲದೆ, ಡಿ1ರ ಕುಣಿಕೆಗಳನ್ನು ಕತ್ತರಿಸಿ ಹಿಡಿಯಲು ಹೊಸ ತುದಿಗಳನ್ನು ಒದಗಿಸುತ್ತವೆ.

ಈ ಉಂಗುರ ಸರಿಯಾಗಿ ಕೆಲಸ ಮಾಡಲು ಎ, ಬಿ ಎಂಬ ಎರಡೂ ಬಗೆಯ ಘಟಕಗಳು ಬೇಕು. ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಬಿ ಬಗೆಯ ಎಫ್‌ಟಿಎಸ್‌ಎಚ್2 ಕೆಟ್ಟರೆ ಎಲೆಯಲ್ಲಿ ಹಸಿರು-ಬಿಳಿ ಮಚ್ಚೆಗಳು ಮೂಡುತ್ತವೆ. ರಿಪೇರಿಯಷ್ಟೇ ಅಲ್ಲ, ಕ್ಲೋರೋಪ್ಲಾಸ್ಟ್ ರೂಪುಗೊಳ್ಳುವುದಕ್ಕೂ ಈ ಕಿಣ್ವ ಬೇಕೆಂಬುದಕ್ಕೆ ಬಿಳಿ ಭಾಗವೇ ಸಾಕ್ಷಿ. 

ಡಿ1 ಒಡೆಯುವ ವೇಗ ಅಳೆಯುವವರು ಮೊದಲು ಎಡವುವುದು ಒಂದೇ ಕಡೆ. ಎಲೆಯನ್ನು ಸುಮ್ಮನೆ ಬೆಳಕಿಗಿಟ್ಟು ನೋಡಿದರೆ ಡಿ1 ಪ್ರಮಾಣ ಇಳಿಯುವುದೇ ಇಲ್ಲ, ಏಕೆಂದರೆ ಒಡೆದಷ್ಟೂ ಹೊಸದು ತಯಾರಾಗುತ್ತಿರುತ್ತದೆ. ಎಲೆಯ ತೊಟ್ಟನ್ನು ಸುಮಾರು 1 ಮಿಲಿಮೋಲಾರ್ ಸಾಂದ್ರತೆಯ ಲಿಂಕೋಮೈಸಿನ್ ಎಂಬ ಪ್ರತಿಜೀವಕದ ದ್ರಾವಣದಲ್ಲಿ, ಮಂದ ಬೆಳಕಿನಲ್ಲಿ ಕೆಲವು ಗಂಟೆ ಅದ್ದಿಟ್ಟು ಕ್ಲೋರೋಪ್ಲಾಸ್ಟಿನ ಪ್ರೋಟೀನ್ ತಯಾರಿಕೆ ನಿಲ್ಲಿಸಿದ ಮೇಲಷ್ಟೇ ನಿಜವಾದ ಇಳಿಕೆ ಕಾಣುತ್ತದೆ. ಅಳೆಯಲೆಂದು ಎಲೆ ಅರೆಯುವಾಗಲೂ ಎಚ್ಚರ ಬೇಕು, ಏಕೆಂದರೆ ಆಗಲೂ ಕಿಣ್ವಗಳು ಪ್ರೋಟೀನನ್ನು ಒಡೆಯುತ್ತಲೇ ಇರಬಹುದು. ಎಲ್ಲವೂ ಮಂಜುಗಡ್ಡೆಯ ಮೇಲೆಯೇ ನಡೆಯಬೇಕು. ಪಿಎಂಎಸ್‌ಎಫ್ ಎಂಬ ರಾಸಾಯನಿಕ ಡೆಗ್‌ನಂಥ ಸೆರಿನ್ ಪ್ರೋಟಿಯೇಸುಗಳನ್ನು ತಡೆಯುತ್ತದೆ, ಎಫ್‌ಟಿಎಸ್‌ಎಚ್‌ಅನ್ನು ಅಲ್ಲ. ಸಾಲದ್ದಕ್ಕೆ ಆ ರಾಸಾಯನಿಕ ಪಿಎಚ್ 8ರ ನೀರಿನಲ್ಲಿ, ಕೋಣೆಯ ಉಷ್ಣತೆಯಲ್ಲಿ, ಸುಮಾರು ಅರ್ಧ ಗಂಟೆಗೇ ಅರ್ಧದಷ್ಟು ಹಾಳಾಗುತ್ತದೆ. ಹಾಗಾಗಿ ಬಳಸುವ ಗಳಿಗೆಯಲ್ಲೇ ಬೆರೆಸಬೇಕು. ಎಫ್‌ಟಿಎಸ್‌ಎಚ್‌ನಿಂದ ಸತುವನ್ನು ಕಸಿಯಲು, ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಎಂಬ ರಾಸಾಯನಿಕ ಹಾಕಬಹುದು, ಆದರೆ ಅದು ಮೆಗ್ನೀಸಿಯಮ್ಮನ್ನೂ ಹಿಡಿಯುತ್ತದೆ, ಗ್ರಾನಾ ಪೇರಿಕೆ ಬಿಚ್ಚಿಕೊಳ್ಳುತ್ತದೆ. ಪೇರಿಕೆಯನ್ನೇ ನೋಡಬೇಕೆಂದಿದ್ದರೆ ಇಡಿಟಿಎ ಮುಟ್ಟಬಾರದು.